ಚರಕದ ಬಾವುಟ ತಲೆಕೆಳಗಾಗಿದೆಯೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಎರಡು ಮಹಾಯುದ್ಧಗಳ ನಡುವಿನ ಬಾವುಟಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವು ಈ ಸಂಚಿಕೆಯಲ್ಲಿವೆ.

ಅಜ್ಜನ ಟ್ರಂಕಿನ ತಳದಲ್ಲಿ ಒಂದು ಖಾದಿ ಬಾವುಟ ಸಿಕ್ಕಿದೆ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಮೂರೂ ಪಟ್ಟಿಗಳ ಮೇಲೆ ಹಾಯುವ ಹಾಗೆ ದೊಡ್ಡ ಚರಕ. ಹೊಲಿದವರು ತಪ್ಪಿದರೋ, ನಾವೇ ತಲೆಕೆಳಗಾಗಿ ಹಿಡಿದಿದ್ದೇವೋ? ಒಂದು ಮೂಲೆ ಹರಿದಿದೆ. ಹರಿದ ಬಾವುಟವನ್ನು ಸುಡಬೇಕು ಎನ್ನುತ್ತಾರೆ ಮನೆಯ ಹಿರಿಯರು. (ಮಲ್ಲೇಶ್ವರದಿಂದ)

ಮೊದಲು ಬೆಂಕಿಪೊಟ್ಟಣ ಎತ್ತಿಡಿ. ಹಾಳಾದ ಬಾವುಟವನ್ನು ಖಾಸಗಿಯಾಗಿ, ಮರ್ಯಾದೆಯಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಎಂಬ ಧ್ವಜಸಂಹಿತೆಯ ಮಾತು ಇಂದಿನ ಅಶೋಕಚಕ್ರದ ರಾಷ್ಟ್ರಧ್ವಜಕ್ಕೆ ಸಂಬಂಧಿಸಿದ್ದು. ನಿಮ್ಮ ಕೈಯಲ್ಲಿರುವುದು ಅದಲ್ಲ.

ತಪ್ಪು ಹೊಲಿಗೆಯೂ ಅಲ್ಲ. ನೀವು ಹೇಳಿದ ಬಣ್ಣಗಳ ಕ್ರಮ 1921ರಿಂದ 1931ರವರೆಗಿನ ಸ್ವರಾಜ್ಯ ಧ್ವಜದ್ದು. 1921ರಲ್ಲಿ ಬೆಜವಾಡದ (ಇಂದಿನ ವಿಜಯವಾಡ) ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆಯ ಹೊತ್ತಿಗೆ ಪಿಂಗಳಿ ವೆಂಕಯ್ಯನವರು ಕೆಂಪು–ಹಸಿರಿನ ವಿನ್ಯಾಸ ತಂದರು. ಚರಕ ಇರಲಿ ಎಂಬ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಿಳಿ ಸೇರಿಸಲು ಹೇಳಿದವರು ಗಾಂಧೀಜಿ. ಅದೇ ವರ್ಷದ ಏಪ್ರಿಲ್ 13ರ ತಮ್ಮ ಪತ್ರಿಕೆ ‘ಯಂಗ್ ಇಂಡಿಯಾ’ದಲ್ಲಿ ಅವರು ಕ್ರಮದ ಕಾರಣವನ್ನೂ ಬರೆದರು: ಬಿಳಿ ಇತರ ಧರ್ಮದವರದು, ಹಸಿರು ಮುಸ್ಲಿಮರದು, ಕೆಂಪು ಹಿಂದೂಗಳದು. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಮೇಲಿನ ಜಾಗ, ಹೆಚ್ಚಿರುವವರು ಕೆಳಗೆ ನಿಂತು ಅವರಿಗೆ ಗುರಾಣಿಯಾಗಬೇಕು. ನಿಮ್ಮ ಬಾವುಟದಲ್ಲಿ ಮೇಲು–ಕೆಳಗು ತಿಳಿಯಲು ಚರಕವನ್ನೇ ನೋಡಿ. ಚರಕದ ತಳದ ಹಲಗೆ ಕೆಳಗಿದ್ದು ಬಿಳಿ ಮೇಲೆ ಬಂದರೆ ಸರಿಯಾಗಿಯೇ ಹಿಡಿದಿದ್ದೀರಿ.

ಬಿಳಿಯೂ ಸೇರಿದ ಈ ಮೂರು ಪಟ್ಟಿಯ ವಿನ್ಯಾಸ ಆ ಸಭೆಯ ಹೊತ್ತಿಗೆ ಸಿದ್ಧವಾಗದೆ ಮಂಜೂರಾತಿಯಿಲ್ಲದೆಯೇ ಬಳಕೆಗೆ ಬಂತು. ಆದ್ದರಿಂದ ಊರಿಗೊಂದು ಅಳತೆ, ಮನೆಗೊಂದು ಚರಕ. 1931ರ ಏಪ್ರಿಲ್‌ನಲ್ಲಿ ನೇಮಿಸಿದ ಏಳು ಜನರ ಸಮಿತಿಯಲ್ಲಿ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರೂ ಇದ್ದರು. ಆ ಸಮಿತಿ ಇಡೀ ಬಾವುಟ ಕೇಸರಿಯೊಂದೇ ಇರಲಿ ಎಂದಿತು. ಆಗಸ್ಟ್‌ನ ಮುಂಬಯಿ ಸಭೆ ಅದನ್ನು ಒಪ್ಪದೆ ಕೇಸರಿ, ಬಿಳಿ, ಹಸಿರು ಎಂಬ ಕ್ರಮ, ನಡುವಿನ ಬಿಳಿಯಲ್ಲಿ ಮಾತ್ರ ಕಡುನೀಲಿ ಚರಕ, 3:2ರ ಅಳತೆ ಎಂದು ತೀರ್ಮಾನಿಸಿತು. ಬಣ್ಣಗಳಿಗೆ ಮತಧರ್ಮದ ಅರ್ಥವಿಲ್ಲ ಎಂದೂ ಅಲ್ಲೇ ಸ್ಪಷ್ಟಪಡಿಸಲಾಯಿತು.

ಹಾಗೆಂದು ಬಣ್ಣ ನೋಡಿದ ಕೂಡಲೇ 1921ರದು ಎಂದು ಬರೆದಿಡಬೇಡಿ. ಕೆಂಪು ಮಾಸಿದರೆ ಕೇಸರಿಯಂತೆ ಕಾಣುತ್ತದೆ, ಕೇಸರಿ ಮಾಸಿದರೆ ಕೆನೆಬಣ್ಣಕ್ಕೆ ಇಳಿಯುತ್ತದೆ. ಎರಡು ಪಟ್ಟಿ ಸೇರುವಲ್ಲಿ ಹೊಲಿಗೆಯ ಒಳಮಡಿಕೆಯನ್ನು ಮೆಲ್ಲಗೆ ಅಗಲಿಸಿ ನೋಡಿ. ಬೆಳಕು ಬೀಳದ ಆ ಕಾಲಂಗುಲದಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಕೈನೂಲಾದರೆ ಭೂತಗನ್ನಡಿಯಲ್ಲಿ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು ಕಾಣುತ್ತದೆ. ಹೊಲಿಗೆ ದಾರದ ಸಡಿಲ ತುದಿ ಸಿಕ್ಕರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಬಾವುಟದಿಂದ ದೂರ ಹೋಗಿ ಉರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಕರಗಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಎಂದರೆ ಬಹಳ ಆಮೇಲಿನ ಹೊಲಿಗೆ, ಇಲ್ಲವೇ ಆಮೇಲಿನ ರಿಪೇರಿ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲಲ್ಲಿ ಹಿಡಿದು ನೋಡಿ. ಬಿಳಿ ಪಟ್ಟಿ ನೀಲಿಯಾಗಿ ಫಳಫಳ ಹೊಳೆದರೆ ಬಟ್ಟೆ ಹೊಸದು, ಅಥವಾ ಯಾರೋ ಈಚಿನ ಡಿಟರ್ಜೆಂಟಿನಲ್ಲಿ ಒಗೆದಿದ್ದಾರೆ. ಆ ಹೊಳಪಿನ ರಾಸಾಯನಿಕಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ.

ಇನ್ನು ಕಾಪಾಡುವ ಮಾತು. ಒಗೆಯಬೇಡಿ, ಡ್ರೈಕ್ಲೀನಿಂಗಿಗೂ ಕೊಡಬೇಡಿ. ಅಂದಿನ ಕೆಂಪು ಬಣ್ಣ ನೀರು ಕಂಡರೆ ಹರಿಯುವ ಸಂಭವ ಹೆಚ್ಚು, ಹರಿದದ್ದು ಪಕ್ಕದ ಪಟ್ಟಿಗೆ ಹತ್ತಿದರೆ ಮತ್ತೆ ಬಿಡದು. ಇಸ್ತ್ರಿಯೂ ಬೇಡ, ಹಳೆಯ ಗಂಜಿ ಇರುವ ಬಟ್ಟೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಲ್ಯಾಮಿನೇಷನ್ ಮಾಡಿಸುವುದಕ್ಕಿಂತ ಸುಡುವುದೇ ವಾಸಿ ಎನ್ನಬೇಕು, ಅಷ್ಟು ಕೆಟ್ಟದ್ದು. ಹರಿದ ಮೂಲೆಗೆ ಸೆಲ್ಲೋಟೇಪ್ ಅಂಟಿಸಿದರೆ ಕೆಲವೇ ವರ್ಷಗಳಲ್ಲಿ ಅಂಟು ಹಳದಿಗಟ್ಟಿ ನೂಲಿನೊಳಗೆ ಇಳಿಯುತ್ತದೆ.

ಕೋರಾ ಮಸ್ಲಿನ್ ತಂದು, ಗಂಜಿ ಹೋಗುವಂತೆ ಎರಡು ಸಲ ಸೋಪಿಲ್ಲದೆ ಬಿಸಿನೀರಿನಲ್ಲಿ ಜಾಲಿಸಿ ಒಣಗಿಸಿ. ಸುಮಾರು ಮೂರು ಅಂಗುಲ ವ್ಯಾಸದ ಗಟ್ಟಿ ರಟ್ಟಿನ ಕೊಳವೆಗೆ (ಬಟ್ಟೆ ಅಂಗಡಿಯವರು ಥಾನು ಸುತ್ತಿ ಎಸೆಯುವುದೇ ಸಾಕು) ಈ ಮಸ್ಲಿನ್ನನ್ನು ನಾಲ್ಕು ಸುತ್ತು ಸುತ್ತಿ, ಆಮೇಲೆ ಬಾವುಟವನ್ನೂ ಇನ್ನೊಂದು ಮಸ್ಲಿನ್ ಪದರವನ್ನೂ ಜೊತೆಜೊತೆಗೆ ಸಡಿಲವಾಗಿ ಸುರುಳಿ ಮಾಡಿ. ಹೊರಗೆ ಹತ್ತಿಯ ಚೀಲ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬೆಂಗಳೂರಿನ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಬೇವಿನ ಎಲೆ ಕಲೆ ಮಾಡುತ್ತದೆ. ಗಂಜಿಯ ಆಸೆಗೆ ಬೆಳ್ಳಿಹುಳ ಆಗಲೇ ಹತ್ತಿದ್ದರೆ ಮಾತ್ರ, ಪಾಲಿಥೀನಿನಲ್ಲಿ ಗಾಳಿ ತೆಗೆದು ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಕಟ್ಟು ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಆಮೇಲೆ ಕೆಂಪು ಹರಿಯುವ ಅದೇ ಕಥೆ.

ಶಾಲೆಯ ನಾಟಕದಲ್ಲಿ 1938ರ ಶಿವಪುರದ ಧ್ವಜ ಸತ್ಯಾಗ್ರಹ ತೋರಿಸುತ್ತಿದ್ದೇವೆ. ಅಂಗಡಿಯಿಂದ ತಂದ ತ್ರಿವರ್ಣ ಧ್ವಜ ಹಾರಿಸಿದರೆ ನಡೆಯುತ್ತದೆಯೇ? (ರಾಜಾಜಿನಗರದಿಂದ, ಶಿಕ್ಷಕಿ)

ನಡೆಯುವುದಿಲ್ಲ. ಅಶೋಕಚಕ್ರ ಬಂದದ್ದು 1947ರ ಜುಲೈ 22ರಂದು, ಸಂವಿಧಾನ ಸಭೆಯ ನಿರ್ಣಯದಿಂದ. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆ ಮುರಿದು ಹಾರಿಸಿದ್ದು 1931ರಲ್ಲಿ ತೀರ್ಮಾನವಾದ ಕೇಸರಿ–ಬಿಳಿ–ಹಸಿರಿನ ಚರಕದ ಧ್ವಜ. ಮಕ್ಕಳ ಕೈಯಲ್ಲೇ ಹೊಲಿಸಿ, ಕಷ್ಟವೇನಿಲ್ಲ.

36×24 ಅಂಗುಲದ್ದು ವೇದಿಕೆಗೆ ಹಿಡಿಸುತ್ತದೆ. ಪ್ರತಿ ಪಟ್ಟಿ 8 ಅಂಗುಲ ಬರಬೇಕು, ಆದ್ದರಿಂದ 9 ಅಂಗುಲ ಅಗಲಕ್ಕೆ ಕತ್ತರಿಸಿ. ಎರಡೂ ಕಡೆ ಅರ್ಧರ್ಧ ಅಂಗುಲ ಹೊಲಿಗೆಗೋ ಅಂಚಿಗೋ ಹೋಗುತ್ತದೆ. ಉದ್ದ 39 ಅಂಗುಲ: ಹಾರುವ ತುದಿಯ ಮಡಿಕೆಗೆ ಒಂದು, ಕಂಬದ ಕಡೆ ಎರಡು. ಕಂಬದ ಕಡೆಯ ಎರಡು ಅಂಗುಲವನ್ನು ಲಂಗದ ಲಾಡಿಗೆ ಮಾಡುವಂತೆ ಮಡಿಸಿ ಹೊಲಿದರೆ ಅದರೊಳಗೆ ಹಗ್ಗ ತೂರುತ್ತದೆ. 36 ಅಂಗುಲ ಪನ್ನದ ಖಾದಿ ಪ್ರತಿ ಬಣ್ಣಕ್ಕೆ ಒಂದೂಕಾಲು ಮೀಟರ್ ತಂದರೆ, ಕುಗ್ಗಿದ್ದು ಕಳೆದು ಮೂರು ಬಾವುಟಕ್ಕೆ ಸಾಲುತ್ತದೆ. ಕತ್ತರಿಸುವ ಮುಂಚೆ ಮೂರು ಬಣ್ಣಗಳನ್ನೂ ಬೇರೆ ಬೇರೆ ಬಕೆಟಿನಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ. ಹಾಗೆ ಮಾಡದಿದ್ದರೆ ಹೊಲಿದ ಮೇಲೆ ಒಂದು ಪಟ್ಟಿ ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿ ಬಾವುಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸ್ಯಾಟಿನ್ ಬೇಡ. ದೀಪದ ಬೆಳಕಿಗೆ ಮಿರಮಿರ ಮಿಂಚಿ ಫ್ಯಾನ್ಸಿ ಡ್ರೆಸ್ಸಿನಂತೆ ಕಾಣುತ್ತದೆ.

ಚರಕ ಬಿಳಿ ಪಟ್ಟಿಯೊಳಗೇ ಇರಬೇಕು. ಮೇಲೆ–ಕೆಳಗೆ ಒಂದೊಂದು ಅಂಗುಲ ಬಿಟ್ಟರೆ 6 ಅಂಗುಲ ಎತ್ತರ ಸಿಗುತ್ತದೆ. ಒಂದು ತುದಿಗೆ ದೊಡ್ಡ ಚಕ್ರ, ಅದನ್ನು ಹಿಡಿದ ಎರಡು ಕಂಬ, ತಳದಲ್ಲಿ ಉದ್ದ ಹಲಗೆ, ಇನ್ನೊಂದು ತುದಿಯಲ್ಲಿ ಕದಿರು (ನೂಲು ಸುತ್ತುವ ಕಡ್ಡಿ), ಚಕ್ರದಿಂದ ಕದಿರಿಗೆ ಮಾಲೆ (ಕದಿರನ್ನು ತಿರುಗಿಸುವ ದಾರ). ಮಾಲೆ ಮರೆತರೆ ಚರಕ ಎತ್ತಿನಗಾಡಿಯಂತೆ ಕಾಣುತ್ತದೆ. ಬಹಳ ಚಿತ್ರಗಳಲ್ಲಿ ಆಗಿರುವ ಪ್ರಮಾದ ಅದೇ. ರಟ್ಟಿನ ಅಚ್ಚು ಕೊರೆದು ಕಡುನೀಲಿ ಫ್ಯಾಬ್ರಿಕ್ ಬಣ್ಣವನ್ನು ಸ್ಪಂಜಿನಲ್ಲಿ ಒತ್ತಿ. ಬಣ್ಣಕ್ಕೆ ನೀರು ಬೆರೆಸಬೇಡಿ, ಖಾದಿಯ ಸಡಿಲ ಎಳೆಗಳಲ್ಲಿ ಹರಡಿಬಿಡುತ್ತದೆ.

ಹಿಂಬದಿಗೆ ಬಂದಾಗ ಅಚ್ಚನ್ನು ಮಗುಚಿ, ಮುಂಬದಿಯ ಚಿತ್ರದ ಮೇಲೇ ಕೂರುವಂತೆ ಒತ್ತಬೇಕು. ಆಗ ಒಂದು ಬದಿಯಲ್ಲಿ ಚಕ್ರ ಎಡಕ್ಕಿದ್ದರೆ ಇನ್ನೊಂದು ಬದಿಯಲ್ಲಿ ಬಲಕ್ಕೆ ಬರುತ್ತದೆ. ಬರಲಿ. ಎರಡೂ ಬದಿಯಲ್ಲಿ ಒಂದೇ ದಿಕ್ಕಿಗೆ ಬರೆಯಲು ಹೋದರೆ ಬೆಳಕಿಗೆ ಎದುರಾದಾಗ ಎರಡು ಚರಕಗಳ ನೆರಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಈ ತೊಡಕು ಚಿಕ್ಕದಲ್ಲ: 1947ರಲ್ಲಿ ಚರಕವನ್ನು ಬಿಟ್ಟು ಬರಿಯ ಚಕ್ರವನ್ನು ಆರಿಸಿಕೊಂಡದ್ದಕ್ಕೆ ನೆಹರೂ ಸಂವಿಧಾನ ಸಭೆಯಲ್ಲಿ ಕೊಟ್ಟ ಕಾರಣಗಳಲ್ಲಿ, ಬಾವುಟದ ಲಾಂಛನ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು ಎಂಬುದೂ ಒಂದು.

ವೇದಿಕೆಯ ಮೇಲೆ ಬಾವುಟ ಬಿಚ್ಚಿಕೊಳ್ಳದೆ ಸತಾಯಿಸುವುದು ಹೆಚ್ಚಾಗಿ ಗಂಟಿನಿಂದ. ಸುರುಳಿಯನ್ನು ಹಗ್ಗದಲ್ಲಿ ಕಟ್ಟುವ ಬದಲು ಹೊಲಿಗೆ ದಾರದ ಒಂದೇ ಎಳೆಯಿಂದ ಎರಡು ಸುತ್ತು ಸುತ್ತಿ, ಆ ದಾರದ ತುದಿಯನ್ನು ಎಳೆಯುವ ಹಗ್ಗಕ್ಕೆ ಸೇರಿಸಿ. ಜಗ್ಗಿದರೆ ದಾರ ತುಂಡಾಗುತ್ತದೆ. ಹಿಂದಿನ ದಿನ ಮೂರು ಸಲ ಪರೀಕ್ಷಿಸಿ. ಪರದೆಯ ಮರೆಯಿಂದ ಟೇಬಲ್ ಫ್ಯಾನ್ ಬಿಡಿ, ಒಳಾಂಗಣದಲ್ಲಿ ಗಾಳಿಯಿಲ್ಲದೆ ಖಾದಿ ಹಾರುವುದಿಲ್ಲ. ಹೂವಿನ ಎಸಳು ಹಾಕುವುದಾದರೆ ಒಣಗಿದ್ದು, ಒಂದು ಹಿಡಿ.

ಮೈಸೂರು ಸಂಸ್ಥಾನದಲ್ಲಿ ಆಳಿದ್ದು ಮಹಾರಾಜರು, ಬ್ರಿಟಿಷರಲ್ಲ. ಹಾಗಿದ್ದ ಮೇಲೆ ಕಾಂಗ್ರೆಸ್ ಬಾವುಟಕ್ಕೆ ಯಾಕೆ ಅಷ್ಟು ಅಡ್ಡಿ? (ಚಾಮರಾಜಪೇಟೆಯಿಂದ)

ಆ ಕಾಲದ ಬಾವುಟದ ಜಗಳಗಳನ್ನು ನೋಡುತ್ತ ಹೋದರೆ ಬಟ್ಟೆಗಿಂತ ಹೆಚ್ಚಾಗಿ ಜಗಳವಾದದ್ದು ಕಂಬಕ್ಕಾಗಿ: ಯಾವ ಜಾಗದಲ್ಲಿ, ಯಾರ ಪಕ್ಕದಲ್ಲಿ, ಎಷ್ಟು ಎತ್ತರದಲ್ಲಿ. 1923ರಲ್ಲಿ ಜಬಲ್‌ಪುರದ ಟೌನ್‌ಹಾಲಿನ ಮೇಲೆ ಬಾವುಟ ಏರಿಸಿದ್ದಕ್ಕೆ ಶುರುವಾದ ತಕರಾರು ನಾಗಪುರಕ್ಕೆ ಬಂದಾಗ ಪ್ರಶ್ನೆ ಇದ್ದದ್ದು ಇಷ್ಟೇ: ಬಾವುಟ ಹಿಡಿದ ಮೆರವಣಿಗೆ ಬ್ರಿಟಿಷ್ ಅಧಿಕಾರಿಗಳಿದ್ದ ಸಿವಿಲ್ ಲೈನ್ಸ್ ರಸ್ತೆಗೆ ಕಾಲಿಡಬಹುದೇ? ಮೇ 1ರಿಂದ ದಿನವೂ ತಂಡಗಳು ಹೊರಟವು, ದಿನವೂ ಜೈಲು ಸೇರಿದವು. ಸಾವಿರಕ್ಕೂ ಹೆಚ್ಚು ಜನ ಬಂಧಿತರಾದರು. ಜಮನಾಲಾಲ್ ಬಜಾಜರು ಜೈಲಿಗೆ ಹೋದ ಮೇಲೆ ವಲ್ಲಭಭಾಯಿ ಪಟೇಲರು ಮುಂದಾಳಾದರು. ಆಗಸ್ಟ್ 18ರಂದು ಮೆರವಣಿಗೆ ಆ ರಸ್ತೆಯಲ್ಲೇ ಹಾದುಹೋಯಿತು. ಅಲ್ಲಿ ಜೈಲಿಗೆ ಹೋದವರಲ್ಲಿ ಹರ್ಡೀಕರರ ಹುಬ್ಬಳ್ಳಿ ತಂಡವೂ ಇತ್ತು. ಅದೇ ವರ್ಷ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಸೇವಾದಳ ಹುಟ್ಟಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 8 ಗಂಟೆಗೆ ಸಾಲಾಗಿ ನಿಂತು ಧ್ವಜವಂದನೆ ಮಾಡುವ ಶಿಸ್ತನ್ನು ದೇಶಕ್ಕೆ ಹಚ್ಚಿದ್ದು ಈ ದಳ.

ಮೈಸೂರಿನ ವಿಷಯ ಇನ್ನೂ ಸೂಕ್ಷ್ಮ. ಸಂಸ್ಥಾನಕ್ಕೆ ತನ್ನದೇ ಧ್ವಜ, ತನ್ನದೇ ಗಂಡಭೇರುಂಡ. ಕಾಂಗ್ರೆಸ್ ಬಾವುಟ ಏರಿದರೆ ಮಹಾರಾಜರ ಅಧಿಕಾರಕ್ಕೆ ಎದುರು ಇನ್ನೊಂದು ಅಧಿಕಾರ ನಿಂತಂತೆ ಎಂಬುದು ಸರ್ಕಾರದ ಎಣಿಕೆ. ಬೆಂಗಳೂರಲ್ಲಂತೂ ಒಂದೇ ಊರಿಗೆ ಎರಡು ಸರ್ಕಾರ: ಪೇಟೆಯ ಕಡೆ ಸಂಸ್ಥಾನದ್ದು, ಕಬ್ಬನ್ ಪಾರ್ಕಿನ ಆಚೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ ಬ್ರಿಟಿಷ್ ರೆಸಿಡೆಂಟರದು. ಇಂದಿನ ರಾಜಭವನವೇ ಅಂದಿನ ರೆಸಿಡೆನ್ಸಿ. ದಂಡಿನಲ್ಲಿ ಯೂನಿಯನ್ ಜ್ಯಾಕ್, ಪೇಟೆಯಲ್ಲಿ ಸಂಸ್ಥಾನದ ಧ್ವಜ; ಮೂರನೆಯದಕ್ಕೆ ಎಲ್ಲೂ ಜಾಗವಿಲ್ಲ.

1938ರ ಏಪ್ರಿಲ್‌ನಲ್ಲಿ ಶಿವಪುರ. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನ ಧ್ವಜ ಹಾರಿಸಲು ಹೊರಟಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂಬುದು ನಾಡು ನೆನಪಿಟ್ಟುಕೊಂಡ ಲೆಕ್ಕ. ಸರ್ಕಾರ ಒಪ್ಪಿದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಮೇ ತಿಂಗಳ ಮಿರ್ಜಾ–ಪಟೇಲ್ ಒಪ್ಪಂದದಿಂದ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು, ಸಂಸ್ಥಾನದ ಧ್ವಜದ ಜೊತೆಗೆ ಚರಕದ ಧ್ವಜವನ್ನೂ ಹಾರಿಸಬಹುದು ಎಂದಾಯಿತು. ‘ಜೊತೆಗೆ’ ಎಂಬ ಈ ಒಂದು ಮಾತಿಗಾಗಿ ಅಷ್ಟು ಜೀವ ಹೋದವು. ಈ ಅರ್ಧ ಒಪ್ಪಿಗೆಯನ್ನು ಗೆಲುವೆಂದು ಕರೆಯಬೇಕೋ ಬೇಡವೋ ಎಂಬ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ.

1920ರ ದಶಕದ ಜರ್ಮನಿಯ ಹಳೇ ಫೋಟೊಗಳಲ್ಲಿ ಒಂದೇ ಬೀದಿಯಲ್ಲಿ ಎರಡು ಬಗೆಯ ಬಾವುಟ. ಒಂದು ದೇಶಕ್ಕೆ ಎರಡು ಯಾಕೆ? (ಇಂದಿರಾನಗರದಿಂದ)

ಕಪ್ಪು–ಬಿಳುಪು ಫೋಟೊ ಆದ್ದರಿಂದ ಮೊದಲು ಗುರುತಿಸುವ ಬಗೆ: ನಡುವಿನ ಪಟ್ಟಿ ಅಚ್ಚ ಬಿಳಿಯಾಗಿದ್ದರೆ ಅದು ಕೈಸರನ, ಅಂದರೆ ಜರ್ಮನಿಯ ಚಕ್ರವರ್ತಿಯ, ಕಾಲದ ಕಪ್ಪು–ಬಿಳಿ–ಕೆಂಪು. ಕೆಳಗಿನ ಪಟ್ಟಿ ಉಳಿದೆರಡಕ್ಕಿಂತ ತಿಳಿಯಾಗಿದ್ದರೆ ಸಾಮಾನ್ಯವಾಗಿ ಗಣರಾಜ್ಯದ ಕಪ್ಪು–ಕೆಂಪು–ಚಿನ್ನ. ಕೆಲವು ಹಳೆಯ ಫಿಲ್ಮುಗಳಿಗೆ ಕೆಂಪು, ಹಳದಿ ಎರಡೂ ಕಪ್ಪಾಗಿಯೇ ಬೀಳುತ್ತಿದ್ದವು, ಹಾಗಾಗಿ ಎರಡನೆಯದರಲ್ಲಿ ಮೋಸಹೋಗುವುದುಂಟು.

ಮೊದಲ ಮಹಾಯುದ್ಧ ಸೋತು ಜರ್ಮನಿ ಗಣರಾಜ್ಯವಾದಾಗ ಬಂದ 1919ರ ವೈಮಾರ್ ಸಂವಿಧಾನದ 3ನೇ ವಿಧಿ ರಾಷ್ಟ್ರದ ಬಣ್ಣ ಕಪ್ಪು–ಕೆಂಪು–ಚಿನ್ನ ಎಂದಿತು. ಜೊತೆಗೇ ವ್ಯಾಪಾರಿ ಹಡಗುಗಳಿಗೆ ಹಳೆಯ ಕಪ್ಪು–ಬಿಳಿ–ಕೆಂಪನ್ನು ಉಳಿಸಿ, ಮೂಲೆಯಲ್ಲಿ ಹೊಸ ಬಣ್ಣಗಳನ್ನು ಚಿಕ್ಕದಾಗಿ ಇರಿಸಿತು. ರಾಜಿ ಮಾಡಿದವರಿಗೆ ಜಾಣತನ ಎನಿಸಿರಬೇಕು. ಆದದ್ದೇನೆಂದರೆ ಗಣರಾಜ್ಯವನ್ನು ಒಪ್ಪದವರಿಗೆ ಕಾನೂನೇ ಒಂದು ಬಾವುಟ ಕೊಟ್ಟ ಹಾಗಾಯಿತು. ಬಲಪಂಥದವರು ಚಿನ್ನದ ಬಣ್ಣವನ್ನು ‘ಸಾಸಿವೆ’ ಎಂದು ಹಂಗಿಸುತ್ತಿದ್ದರು. ಅದರ ರಕ್ಷಣೆಗೆಂದೇ 1924ರಲ್ಲಿ ರೈಷ್‌ಬಾನರ್ ಎಂಬ ಸಂಘಟನೆ ಮಾಗ್ಡೆಬುರ್ಗಿನಲ್ಲಿ ಹುಟ್ಟಿತು. 1926ರ ಮೇ 5ರಂದು ಚಾನ್ಸಲರ್ ಹಾನ್ಸ್ ಲೂಥರ್, ಯುರೋಪಿನ ಹೊರಗಿನ ರಾಯಭಾರ ಕಚೇರಿಗಳಲ್ಲೂ ಯುರೋಪಿನ ಬಂದರುಗಳ ಕಚೇರಿಗಳಲ್ಲೂ ವ್ಯಾಪಾರಿ ಬಾವುಟವನ್ನೂ ಹಾರಿಸಿ ಎಂಬ ಆದೇಶ ತಂದರು. ಇಲ್ಲಿಯೂ ಬಟ್ಟೆ ಹೊಸದಲ್ಲ, ಕಂಬ ಹೊಸದು. ಒಂದು ವಾರದಲ್ಲಿ ಅವರ ಸರ್ಕಾರ ಉರುಳಿತು.

1933ರ ಮಾರ್ಚ್‌ನಲ್ಲಿ ಅಧ್ಯಕ್ಷ ಹಿಂಡೆನ್‌ಬುರ್ಗ್ ಕಪ್ಪು–ಬಿಳಿ–ಕೆಂಪನ್ನೂ ಹಿಟ್ಲರನ ನಾಜಿ ಪಕ್ಷದ ಸ್ವಸ್ತಿಕವನ್ನೂ ಜೊತೆಯಾಗಿ ಹಾರಿಸಲು ಅಪ್ಪಣೆ ಕೊಟ್ಟರು. 1935ರ ಜುಲೈ 26ರಂದು ನ್ಯೂಯಾರ್ಕಿನಲ್ಲಿ ಪ್ರತಿಭಟನಾಕಾರರು ಜರ್ಮನಿಯ ಬ್ರೆಮೆನ್ ಹಡಗು ಹತ್ತಿ ಸ್ವಸ್ತಿಕದ ಬಾವುಟ ಕಿತ್ತು ಹಡ್ಸನ್ ನದಿಗೆ ಎಸೆದರು. ಜರ್ಮನಿ ದೂರಿದಾಗ ಅಮೆರಿಕದಿಂದ ಬಂದ ಉತ್ತರ: ನಿಮ್ಮ ರಾಷ್ಟ್ರಧ್ವಜವನ್ನು ಯಾರೂ ಮುಟ್ಟಿಲ್ಲವಲ್ಲ, ಹರಿದದ್ದು ಪಕ್ಷದ್ದು. ಎರಡು ತಿಂಗಳೊಳಗೆ, ಸೆಪ್ಟೆಂಬರ್ 15ರಂದು, ನ್ಯೂರೆಂಬರ್ಗಿನಲ್ಲಿ ಸ್ವಸ್ತಿಕವೊಂದೇ ರಾಷ್ಟ್ರಧ್ವಜ ಎಂಬ ಕಾನೂನು ಬಂತು. ಅದೇ ದಿನ ಅಲ್ಲಿ ಹೊರಬಿದ್ದ ಇನ್ನೊಂದು ಕಾನೂನು ಯಹೂದಿಗಳ ನಾಗರಿಕ ಹಕ್ಕು ಕಿತ್ತುಕೊಂಡಿತು. ಮೂರನೆಯದು ಅವರು ಈ ರಾಷ್ಟ್ರಧ್ವಜ ಏರಿಸುವುದನ್ನೂ ನಿಷೇಧಿಸಿತು.

1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಧ್ಯಾನ್‌ಚಂದ್ ತಂಡ ನಮ್ಮ ತ್ರಿವರ್ಣ ಹಾರಿಸಿತ್ತು ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವೇ? (ಜಯನಗರದಿಂದ)

ಅರ್ಧ ನಿಜ. ಮೈದಾನದಲ್ಲಿ ತಂಡ ನಿಂತದ್ದು ಬ್ರಿಟಿಷ್ ಇಂಡಿಯಾದ ಬಾವುಟದ ಅಡಿಯಲ್ಲೇ. ಆಗಸ್ಟ್ 15ರಂದು ಜರ್ಮನಿಯ ಎದುರು ಫೈನಲ್ ಆಡುವ ಮುಂಚೆ, ತಂಡದ ಜೊತೆಗಿದ್ದ ಪಂಕಜ್ ಗುಪ್ತಾ ಡ್ರೆಸ್ಸಿಂಗ್ ರೂಮಿನಲ್ಲಿ ಕಾಂಗ್ರೆಸ್ಸಿನ ಚರಕದ ಧ್ವಜ ಹೊರತೆಗೆದರು, ಆಟಗಾರರು ಅದಕ್ಕೆ ವಂದಿಸಿ ಆಟಕ್ಕೆ ಇಳಿದರು. 8–1ರ ಗೆಲುವು. ಸಂದೇಶದ ಜೊತೆಗಿರುವ ಚಿತ್ರದಲ್ಲಿ ಅಶೋಕಚಕ್ರ ಇದ್ದರೆ ಅದು ಕಂಪ್ಯೂಟರಿನಲ್ಲಿ ಕೂಡಿಸಿದ್ದು.

ರಾಷ್ಟ್ರಸಂಘಕ್ಕೆ, ಅಂದರೆ ಲೀಗ್ ಆಫ್ ನೇಷನ್ಸಿಗೆ, ಯಾವ ಬಾವುಟ ಇತ್ತು? ರಸಪ್ರಶ್ನೆಗೆ ಬೇಕು. (ವಿಜಯನಗರದಿಂದ)

ಅಧಿಕೃತವಾಗಿ ಯಾವುದೂ ಇರಲಿಲ್ಲ. 1939ರ ನ್ಯೂಯಾರ್ಕ್ ವಿಶ್ವಮೇಳದ ಹೊತ್ತಿಗೆ ನೀಲಿ ಪಂಚಕೋನದೊಳಗೆ ಎರಡು ನಕ್ಷತ್ರಗಳ ಅರೆ ಅಧಿಕೃತ ಲಾಂಛನವೊಂದು ಬಂತು, ಅಷ್ಟರಲ್ಲಿ ಯುದ್ಧವೂ ಬಂತು. ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: 1936ರ ಒಲಿಂಪಿಕ್ಸಿಗೆ ಬಂದು ತಮ್ಮಿಬ್ಬರದೂ ಒಂದೇ ಬಾವುಟ ಎಂದು ಕಂಡುಕೊಂಡ ಎರಡು ದೇಶಗಳು ಯಾವುವು? ಲಿಕ್ಟೆನ್‌ಸ್ಟೈನ್ ಮತ್ತು ಹೈಟಿ. ಇಬ್ಬರದೂ ಮೇಲೆ ನೀಲಿ, ಕೆಳಗೆ ಕೆಂಪು. ಮರುವರ್ಷ ಲಿಕ್ಟೆನ್‌ಸ್ಟೈನ್ ನೀಲಿ ಪಟ್ಟಿಯ ಮೂಲೆಗೆ ಒಂದು ಚಿನ್ನದ ಕಿರೀಟ ಸೇರಿಸಿಕೊಂಡಿತು.